ಫೋನಿನಲ್ಲಿ ಕಟ್ಟಿದ ತವರು

ಗುಡೇಮಾರನಹಳ್ಳಿ
ಶನಿವಾರ, ೧೯ ಜುಲೈ ೨೦೨೫

ಪ್ರೀತಿಯ ನವ್ಯಾ,

ನಿನ್ನ ಅತ್ತೆ ಸರಸಮ್ಮ ಬರೆಯುತ್ತಿರುವ ಕಾಗದ. ಹೇಗಿದ್ದೀಯಮ್ಮ? ಹೊತ್ತು ಹೊತ್ತಿಗೆ ಊಟ ಮಾಡುತ್ತಿದ್ದೀಯ ತಾನೆ? ಮದುವೆಗೆ ಮೊದಲು ಅರಗು ತಾಗಿ ಸುಟ್ಟಿದ್ದ ನಿನ್ನ ಬಲಗೈ ಹೆಬ್ಬೆರಳು ಮತ್ತೆ ಅದೇ ಕೆಲಸಕ್ಕೆ ಬಿದ್ದು ನೋಯುತ್ತಿಲ್ಲವಷ್ಟೆ? ರಾತ್ರಿ ಮಲಗುವಾಗ ಒಸಿ ಕೊಬ್ಬರಿ ಎಣ್ಣೆ ಹಚ್ಚಿಕೋ. ಇಲ್ಲಿ ನಿನ್ನ ಗಂಡ ನರೇಂದ್ರ ಆರೋಗ್ಯವಾಗಿದ್ದಾನೆ. ಹಸು ಆರೋಗ್ಯವಾಗಿದೆ, ಕರು ಹಗ್ಗ ಕಿತ್ತುಕೊಂಡು ನಿನ್ನ ದಾಸವಾಳದ ಗಿಡವನ್ನು ಅರ್ಧ ತಿಂದುಹಾಕಿದೆ, ಮತ್ತೆ ಚಿಗುರುತ್ತದೆ ಬಿಡು. ಹೊಸ ರೇಷ್ಮೆ ಹುಳ ಎರಡನೇ ಜ್ವರ ಕಳೆದು, ಪೊರೆ ಬಿಟ್ಟು ಎದ್ದಿವೆ, ಹಿಪ್ಪುನೇರಳೆ ಸೊಪ್ಪು ಸಾಲದೆ ನರೇಂದ್ರ ದಿನಕ್ಕೆ ನಾಲ್ಕು ಸಲ ತೋಟಕ್ಕೆ ಓಡುತ್ತಾನೆ. ನಾನು ಹೇಗಿದ್ದೇನೆ ಎಂಬುದನ್ನು ಹೇಳುವುದಕ್ಕೇ ಈ ಕಾಗದ.

ಲಕೋಟೆಯ ಮೇಲೆ ಕನಕಪುರದ ನನ್ನ ತಮ್ಮನ ಮನೆಯ ವಿಳಾಸವಿಲ್ಲದೆ, ಚನ್ನಪಟ್ಟಣದ ಅಕ್ಬರಿ ಬೇಗಂ ಅವರ ಗೊಂಬೆ ಕಾರ್ಖಾನೆ ಎಂದು ಬರೆದಿರುವುದನ್ನು ನೋಡಿ ನೀನು ಎರಡೆರಡು ಸಲ ಓದಿಕೊಂಡಿರುತ್ತೀಯ. ಹೌದು ಕಣಮ್ಮ, ನನಗೆ ಗೊತ್ತಾಗಿದೆ. ಆಷಾಢಕ್ಕೆಂದು ನಾನು ಕಳಿಸಿದ ಮನೆಯಲ್ಲಿ ನೀನು ಒಂದು ದಿನವೂ ಇರಲಿಲ್ಲ ಎಂಬುದು ಗೊತ್ತಾಗಿದೆ. ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ಬಾಯಿ ತೆರೆದ ಕೂಡಲೇ ನೀನು 'ಅಯ್ಯೋ ಬುಡಿ ಅತ್ತೆ, ಅದೇನು ಮಹಾ' ಎಂದುಬಿಡುತ್ತೀಯ, ನಾನೂ ಅದೇ ಸಾಕೆಂದು ಬಿಟ್ಟುಬಿಡುತ್ತೇನೆ. ಕಾಗದವಾದರೆ ನಡುವೆ ಬಾಯಿ ಹಾಕುವುದಿಲ್ಲ. ನಾನು ಹಳೆಯ ಎಸ್ಸೆಸ್ಸೆಲ್ಸಿ. ಈ ಮನೆಗೆ ಬಂದ ಹೊಸತರಲ್ಲಿ ನನ್ನವ್ವನಿಗೆ ಹದಿನೈದು ದಿನಕ್ಕೊಂದು ಕಾಗದ ಬರೆಯುತ್ತಿದ್ದೆ. ಅವ್ವ ಹೋದಮೇಲೆ ಕೈಗೆ ರೂಢಿ ತಪ್ಪಿದೆ, ಅಕ್ಷರ ಸೊಟ್ಟಗಿದ್ದರೆ ನಗಬೇಡ.

ಮೊದಲಿಂದ ಹೇಳುತ್ತೇನೆ. ನಡೆದದ್ದು ನಿನಗೆ ಗೊತ್ತು, ನನ್ನ ಕಡೆಯಿಂದ ಅದು ಹೇಗೆ ಕಂಡಿತು ಎಂಬುದು ಗೊತ್ತಿಲ್ಲ. ನಮ್ಮದು ಪಟೇಲರ ಮನೆ. ನನ್ನ ಮಾವ ದೊಡ್ಡಹನುಮಯ್ಯನವರು ಈ ಊರಿನ ಕೊನೆಯ ಪಟೇಲರು. ಪಟೇಲಿಕೆಯನ್ನು ಸರ್ಕಾರ ಯಾವತ್ತೋ ತೆಗೆದುಹಾಕಿತು, ನಮ್ಮ ತಲೆಯೊಳಗಿಂದ ತೆಗೆಯುವವರು ಮಾತ್ರ ಯಾರೂ ಬರಲಿಲ್ಲ. ಇವತ್ತಿಗೂ ನಮ್ಮ ಜಗಲಿಯ ಮುಂದೆ ಹಾಯುವವರು ಹೆಗಲ ಮೇಲಿನ ಟವೆಲು ಇಳಿಸುತ್ತಾರೆ, ನಾನು ಅದನ್ನು ಓರೆಗಣ್ಣಿನಲ್ಲಿ ನೋಡಿ ಸಂತೋಷಪಡುತ್ತೇನೆ. ಇಂಥ ಮನೆಯ ಒಬ್ಬನೇ ಮಗ ಮೂರು ವರ್ಷದ ಕೆಳಗೆ ಬದುವಿನ ಮೇಲಿದ್ದ ಆಲೆಮರ ಕಡಿಸಿ, ಮುನಿಶಾಮಯ್ಯನ ಟೆಂಪೋದಲ್ಲಿ ಹಾಕಿಸಿಕೊಂಡು, ಗೊಂಬೆ ಮಾಡುವವರಿಗೆ ಕೊಡಲು ಚನ್ನಪಟ್ಟಣಕ್ಕೆ ಹೋದ. ಸಾಯಂಕಾಲ ಅರ್ಧ ಮರ ಹಾಗೇ ವಾಪಸು ಬಂತು. ಅಲ್ಲಿ ಒಂದು ಹುಡುಗಿ ತುಂಡುಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, 'ಇವು ಒಳಗೆ ಹಸಿ ಅವೆ, ಇನ್ನೆರಡು ತಿಂಗ್ಳು ಒಣಗಿಸ್ಕಂಡು ಬನ್ನಿ' ಎಂದು ಹಿಂದಕ್ಕೆ ಕಳಿಸಿದಳಂತೆ. ಪಟೇಲರ ಮನೆಯ ಸರಕನ್ನು ಬೇಡವೆಂದ ಮೊದಲನೆಯ ಪ್ರಾಣಿ ನೀನು. ನನಗೆ ಮೈಯೆಲ್ಲ ಉರಿದುಹೋಯಿತು. ಅವನು ಮಾತ್ರ ನಗುನಗುತ್ತಾ ಊಟಕ್ಕೆ ಕೂತ. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಅಲ್ಲಿಂದಾಚೆಗೆ ಹದಿನೈದು ದಿನಕ್ಕೊಮ್ಮೆ ಬೈಕಿನ ಹಿಂದೆ ಎರಡೇ ಎರಡು ತುಂಡು ಮರ ಕಟ್ಟಿಕೊಂಡು ಹೊರಡುವನು. ಎರಡು ತುಂಡಿಗೆ ಇಡೀ ದಿನದ ಓಡಾಟ ಯಾವ ಲೆಕ್ಕದ ವ್ಯಾಪಾರವೋ ನನಗೆ ತಿಳಿಯಲಿಲ್ಲ. ಬರುವಾಗ ಒಂದು ಬುಗುರಿಯೋ ಗಿಲಕಿಯೋ ಜೇಬಿನಲ್ಲಿ. ಮನೆಯಲ್ಲಿ ಮಗುವಿಲ್ಲ, ಮದುವೆಯ ಸುದ್ದಿಯಿಲ್ಲ, ಕಪಾಟಿನ ತುಂಬ ಗಿಲಕಿ. ಕೇಳಿದರೆ 'ಬಣ್ಣ ಚೆನ್ನಾಗೈತಲ್ಲವ್ವ' ಎನ್ನುವನು. ಬಣ್ಣ ಹಾಕುವವಳ ಹೆಸರು ನವ್ಯಶ್ರೀ, ಅವಳು ರಾಮನಗರದ ಅನಾಥಾಲಯದಲ್ಲಿ ಬೆಳೆದವಳು, ಹೆತ್ತವರು ಯಾರೆಂದು ಅವಳಿಗೂ ಗೊತ್ತಿಲ್ಲ ಎಂಬುದು ನನ್ನ ಕಿವಿಗೆ ಬೀಳುವಷ್ಟರಲ್ಲಿ ವರ್ಷ ಕಳೆದಿತ್ತು. ಅದನ್ನೂ ಅವನೇ ಹೇಳಿದ, ಮುದ್ದೆ ಮುರಿಯುತ್ತಾ, ತಲೆ ಎತ್ತದೆ. 'ಅವಳನ್ನ ಕೇಳ್ದೆ ಕಣವ್ವ. ನಿಮ್ಮವ್ವ ಮನಸಾರೆ ಒಪ್ಪಿದ್ರೆ ಬತ್ತೀನಿ, ಕದ್ದು ಮುಚ್ಚಿ ಬರಕ್ಕಿಲ್ಲ ಅಂದ್ಲು.' ನಾನು ಒಪ್ಪಲಿಲ್ಲ. ಕುಲ ಗೊತ್ತಿಲ್ಲ, ಗೋತ್ರ ಗೊತ್ತಿಲ್ಲ, ಹೊಸಲು ದಾಟಿ ಬರುವಾಗ ಹಿಂದೆ ನಿಲ್ಲುವವರು ಒಬ್ಬರಿಲ್ಲ ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಅವನು ಜಗಳವಾಡಲಿಲ್ಲ. ನಾನು ತೋರಿಸಿದ ಹೆಣ್ಣುಗಳ ಮನೆಗೆಲ್ಲ ಬಂದ, ಅವರು ಕೊಟ್ಟ ಉಪ್ಪಿಟ್ಟು ತಿಂದ, ದಾರಿಯಲ್ಲಿ 'ಒಳ್ಳೇ ಹುಡ್ಗಿ, ಒಳ್ಳೇ ಕಡೆ ಸೇರ್ಲಿ' ಎಂದ. ಬದುವಿನ ಮೇಲಿನ ಆಲೆಮರವೆಲ್ಲ ಮುಗಿದಾಗ, ಇನ್ನು ಚನ್ನಪಟ್ಟಣದ ದಾರಿ ಮುಚ್ಚಿತು ಎಂದುಕೊಂಡೆ. ಮಾರನೆಯ ದಿನ ನೋಡಿದರೆ ನಲವತ್ತು ಆಲೆ ಸಸಿ ತಂದು ನೆಡುತ್ತಿದ್ದಾನೆ. 'ಇವು ಬೆಳೆಯೋಗಂಟ ಕಾಯ್ತೀನಿ ಬುಡವ್ವ, ನಂಗೇನು ಅರ್ಜೆಂಟಿಲ್ಲ' ಎಂದ. ಅವನಪ್ಪ ಬದುಕಿದ್ದಿದ್ದರೆ ಬೆನ್ನಿಗೆ ನಾಲ್ಕು ಬಾರಿಸುತ್ತಿದ್ದರೋ, ಜೊತೆಗೆ ನೀರು ಹೊರುತ್ತಿದ್ದರೋ, ಹೇಳಲಾರೆ. ನಾನು ಆ ಹೊತ್ತು ಸೋತೆ.

ಸೋತವಳು ಪೂರ್ತಿ ಸೋಲಬೇಕಿತ್ತು. ನಾನು ಒಂದು ಷರತ್ತು ಹಾಕಿದೆ. ಲಗ್ನಪತ್ರಿಕೆಯಲ್ಲಿ ಹೆಣ್ಣಿನ ಕಡೆಯವರ ಜಾಗ ಖಾಲಿ ಬಿಟ್ಟರೆ ಪಟೇಲರ ಮನೆಯ ಮಾನವೇನಾಗಬೇಕು? ಕನಕಪುರದ ನನ್ನ ತಮ್ಮ ಮರಿಯಪ್ಪನನ್ನು ಹಿಡಿದೆ. ಅವನೂ ಅವನ ಹೆಂಡತಿ ಗಂಗಲಕ್ಷ್ಮಮ್ಮನೂ ಕೂತು ಧಾರೆ ಎರೆದುಕೊಡಬೇಕು, ಪತ್ರಿಕೆಯಲ್ಲಿ ಅವರ ಸಾಕುಮಗಳೆಂದು ಹಾಕಿಸಬೇಕು ಎಂದು. ಗಂಗಲಕ್ಷ್ಮಮ್ಮ 'ಒಂದಿನದ ಮಾತಾದ್ರೆ ಸರಿ ಅತ್ಗೆ' ಎಂದಳು. ನಿನ್ನನ್ನು ಕೇಳಿದವರು ಯಾರು? ಮಾಗಡಿಯ ಛತ್ರದಲ್ಲಿ ನಿನ್ನನ್ನು ಕೋಣೆಗೆ ಕರೆದು, ಯಾರಾದರೂ ಕೇಳಿದರೆ ಮರಿಯಪ್ಪನವರ ಮನೆಯಲ್ಲಿ ಬೆಳೆದೆ ಎನ್ನಬೇಕು ಎಂದು ಹೇಳಿಕೊಟ್ಟೆ. ನೀನು 'ಹೂಂ ಅತ್ತೆ' ಎಂದೆ. ನಿನ್ನ ಕಾರ್ಖಾನೆಯವರು ಎಂಟು ಜನ ಬಂದಿದ್ದರು. ಅಕ್ಬರಿ ಬೇಗಂ ಅವರೂ ನಿನ್ನ ಜೊತೆಗಾತಿ ಮುನವ್ವರಾಳೂ ಹಿಂದಿನ ಸಾಲಿನ ಕುರ್ಚಿಯಲ್ಲಿ ಕೂತು, ಧಾರೆಯ ಹೊತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ನಾನು ಕಂಡೆ. ಮುಂದೆ ಬನ್ನಿ ಎಂದು ಒಂದು ಮಾತು ಕರೆಯಲಿಲ್ಲ.

ನೀನು ಮನೆಗೆ ಬಂದ ಮೇಲಿನದನ್ನು ಬರೆಯಲು ಇನ್ನೂ ನಾಚಿಕೆ. ಊಟವಾದ ಕೂಡಲೇ ನಿನ್ನ ತಟ್ಟೆ ತೊಳೆದು, ಅದರ ಮೇಲೆ ಲೋಟ ಬೋರಲು ಹಾಕಿ, ಅಡಿಗೆಮನೆಯ ಮೂಲೆಯಲ್ಲಿ ಬೇರೆಯಾಗಿ ಇಡುತ್ತಿದ್ದೆಯಲ್ಲ, ಅನಾಥಾಲಯದಲ್ಲಿ ಅಭ್ಯಾಸವಾದದ್ದು. 'ಇದು ನಿನ್ನ ಮನೆ, ಎಲ್ಲ ತಟ್ಟೆಯ ಜೊತೆ ಇಡು' ಎನ್ನುವುದಕ್ಕೆ ನನಗೆ ಒಂದು ಉಸಿರು ಸಾಕಿತ್ತು. ಅನ್ನಲಿಲ್ಲ. ನರೇಂದ್ರ ಒಂದು ದಿನ ನೋಡಿ, ತನ್ನ ತಟ್ಟೆಯನ್ನೂ ತೊಳೆದು ನಿನ್ನ ತಟ್ಟೆಯ ಮೇಲೆ ಇಟ್ಟ. ಅವತ್ತಿಂದ ಎರಡೂ ಒಟ್ಟಿಗೆ ಇದ್ದವು. ಅದನ್ನು ನೋಡಿ ನನಗೆ ಸಂತೋಷವಾಗಬೇಕಿತ್ತು, ಹೊಟ್ಟೆಕಿಚ್ಚಾಯಿತು. ಸೊಪ್ಪು ಕೊಯ್ಯಲು ಬರುವ ಹೆಂಗಸರು 'ಕಿರಿಯಮ್ಮಾರು ಬಲೇ ಒಳ್ಳೇರು' ಎಂದು ನಿನ್ನನ್ನು ಹೊಗಳಿದರೆ, ಹಾಗಾದರೆ ಹಿರಿಯಮ್ಮಾರು ಹೇಗೆ ಎಂದು ನನಗೆ ನಾನೇ ಕೇಳಿಕೊಳ್ಳುತ್ತಿದ್ದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ಅಷ್ಟರಲ್ಲಿ ಆಷಾಢ ಬಂತು. ಹೊಸ ಸೊಸೆ ಆ ತಿಂಗಳು ಅತ್ತೆಯ ಜೊತೆ ಒಂದೇ ಹೊಸಲು ತುಳಿಯಬಾರದು, ತವರಿಗೆ ಹೋಗಿರಬೇಕು, ಅಳಿಯನೂ ಆ ಮನೆಯ ಕಡೆ ತಲೆ ಹಾಕಬಾರದು. ನೀನು ಇದನ್ನೆಲ್ಲ ಕಂಡು ಬೆಳೆದವಳಲ್ಲ, ನಾನು ಹೇಳಿದ್ದನ್ನು ಕೇಳಿಸಿಕೊಂಡೆ. ಆಮೇಲೆ ಹಿತ್ತಲಿಗೆ ಬಂದು, 'ಅತ್ತೆ, ನಾನು ಹುಳದ ಮನೇಲೇ ಒಂದು ತಿಂಗಳು ಮಲಿಕ್ಕತೀನಿ. ನಿಮ್ಮ ಹೊಸಲು ದಾಟಕ್ಕಿಲ್ಲ, ಊಟ ಅಲ್ಲಿಗೇ ಕೊಡಿ' ಎಂದೆ. ಎಷ್ಟು ಸಣ್ಣ ಕೋರಿಕೆ. ಇಪ್ಪತ್ತು ಹೆಜ್ಜೆ ದೂರದ ಹುಳದ ಮನೆ. ಆದರೆ ಹಿಂದಿನ ದಿನ ತಾನೆ ಡೈರಿಯಲ್ಲಿ ಹಾಲು ಹಾಕುವಾಗ ಇಬ್ಬರು ಹೆಂಗಸರು ನನ್ನನ್ನು ನಿಲ್ಲಿಸಿ, 'ಸೊಸೆ ತವರಿಗೆ ಹೋಗಕ್ಕಿಲ್ವಾ ಸರಸಕ್ಕ? ಯಾವೂರಾಯ್ತು ತವರು?' ಎಂದು ಕೇಳಿ, ಒಬ್ಬರ ಮುಖ ಒಬ್ಬರು ನೋಡಿಕೊಂಡಿದ್ದರು. ಆ ನೋಟ ನನ್ನ ಬೆನ್ನಿಗೆ ಅಂಟಿಕೊಂಡಿತ್ತು. 'ಧಾರೆ ಎರೆದವರು ಬದುಕವ್ರೆ, ಅವರ ಮನೆಯೇ ತವರು. ಕನಕಪುರಕ್ಕೆ ಹೊರಡು' ಎಂದೆ ನಿನಗೆ.

ಜೂನ್ ಇಪ್ಪತ್ತೈದು, ಬುಧವಾರ. ಅವತ್ತೇ ಹುಳ ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ಕೆಲಸ, ನರೇಂದ್ರ ಮನೆ ಬಿಡುವಂತಿರಲಿಲ್ಲ. ಆದರೂ 'ಒಸಿ ತಡೀರಿ, ಮಧ್ಯಾಹ್ನದ ಮೇಲೆ ನಾನೇ ಬೈಕಲ್ಲಿ ಬುಟ್ಟು ಬತ್ತೀನಿ' ಎಂದ. ನಾನು, ಮಾಗಡಿ ಬಸ್‌ಸ್ಟ್ಯಾಂಡಿಗೆ ಮರಿಯಪ್ಪ ಕಾರು ತರುತ್ತಾನೆ, ತವರಿನವರು ಕರೆದುಕೊಂಡು ಹೋಗುವುದೇ ಪದ್ಧತಿ ಎಂದೆ. ಬಸ್‌ಸ್ಟ್ಯಾಂಡಿನಲ್ಲಿ ಮರಿಯಪ್ಪ ಇರಲಿಲ್ಲ. ಅವನಿಗೆ ಏನೋ ಅಡಚಣೆಯಾಗಿದೆಯಂತೆ, ನೀನೇ ಹೋಗಮ್ಮ ಎಂದು ನಿನ್ನನ್ನು ರಾಮನಗರದ ಬಸ್ಸಿಗೆ ಹತ್ತಿಸಿದೆ. ಅಲ್ಲಿ ಇಳಿದು ಕನಕಪುರದ ಬಸ್ಸು ಹಿಡಿಯಬೇಕೆಂದೂ ಹೇಳಿದೆ. ನೀನು ಕಿಟಕಿಯಿಂದ ಕೈ ಚಾಚಿ, 'ನಿಮಗೆ ಬಿ.ಪಿ. ಮಾತ್ರೆ ಫ್ರಿಜ್ಜಿನ ಮೇಲಿಟ್ಟಿವ್ನಿ ಅತ್ತೆ' ಎಂದೆ. ನನ್ನ ತಮ್ಮನ ಮನೆಯವರು ನಿನ್ನನ್ನು ಬಾಗಿಲಿನಿಂದಾಚೆಗೇ ಕಳಿಸಿಬಿಡುತ್ತಾರೆ ಎಂದು ನಾನು ಕನಸಿನಲ್ಲಿಯೂ ಎಣಿಸಿರಲಿಲ್ಲ. ಆದರೂ ಸಾಯಂಕಾಲ ನಿನ್ನ ಫೋನು ಬರುವವರೆಗೆ ನನಗೆ ಅನ್ನ ಸೇರಲಿಲ್ಲ.

ಫೋನು ಬಂತು. 'ಸೇರ್ಕಂಡೆ ಅತ್ತೆ, ಎಲ್ಲಾರೂ ಚೆನ್ನಾಗವ್ರೆ' ಎಂದೆ. ಮಾರನೆಯ ದಿನ, ಗಂಗಲಕ್ಷ್ಮಮ್ಮ ಅತ್ತೆಮ್ಮ ತಲೆಗೆ ಹರಳೆಣ್ಣೆ ಒತ್ತಿ ನೀರು ಹಾಕಿದರು ಎಂದೆ. ಶುಕ್ರವಾರ ಒಬ್ಬಟ್ಟು, ಮುಂದಿನ ವಾರ ಕಜ್ಜಾಯ. ನೀನು ಏಳುವುದು ತಡವಾದರೆ ಮಲಗಿರಲಿ ಬಿಡು ಎನ್ನುತ್ತಾರಂತೆ, ಸಾಯಂಕಾಲ ಜಗಲಿಯಲ್ಲಿ ಕೂರಿಸಿಕೊಂಡು ಮೊಗ್ಗಿನ ಜಡೆ ಹಾಕಿದರಂತೆ, ಒಂದು ದಿನ ಬೇಡವೆಂದರೂ ಬಳೆಗಾರನನ್ನು ಕರೆಸಿ ಕೈ ತುಂಬ ಹಸಿರು ಬಳೆ ತೊಡಿಸಿದರಂತೆ. ನಾನು ಅದನ್ನೆಲ್ಲ ಡೈರಿಗೆ ಹೊತ್ತುಕೊಂಡು ಹೋಗಿ, ಆ ಇಬ್ಬರು ಹೆಂಗಸರ ಮುಂದೆ ಬಿಚ್ಚಿದೆ. ಒಂದಕ್ಕೆ ಎರಡು ಸೇರಿಸಿ ಹೇಳಿದೆ. ಗಂಗಲಕ್ಷ್ಮಮ್ಮ ಇಷ್ಟು ಒಳ್ಳೆಯವಳಾದದ್ದು ಯಾವಾಗ ಎಂದು ನನಗೆ ಆಶ್ಚರ್ಯವಾಯಿತು, ಆದರೆ ಮನಸ್ಸಿಗೆ ಬೇಕಾದ ಸುದ್ದಿಯನ್ನು ಯಾರು ತಾನೆ ಉಜ್ಜಿ ನೋಡುತ್ತಾರೆ? ಈಗ ಕೂತು ಯೋಚಿಸಿದರೆ ಗೊತ್ತಾಗುತ್ತದೆ, ಅದು ಗಂಗಲಕ್ಷ್ಮಮ್ಮನ ಮನೆಯಲ್ಲ. ಹುಟ್ಟಿದಾಗಿನಿಂದ ನೀನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಮನೆ ಅದು. ನಿನಗೆ ಯಾರೂ ಮಾಡದೆ ಹೋದದ್ದನ್ನೆಲ್ಲ, ದಿನಕ್ಕೆ ಒಂದರಂತೆ, ನನ್ನ ಮಾನ ಮುಚ್ಚುವುದಕ್ಕಾಗಿ ಖರ್ಚು ಮಾಡಿದೆ.

ಹೋದ ಮಂಗಳವಾರ, ಗಂಗಲಕ್ಷ್ಮಮ್ಮನಿಗೆ ಒಂದು ಸೀರೆ, ನಿನಗೆ ಹೂವು ಹಣ್ಣು ತೆಗೆದುಕೊಂಡು ಕನಕಪುರಕ್ಕೆ ಹೋದೆ. ಆಷಾಢವಲ್ಲವೇ, ನೀನಿರುವ ಮನೆಯ ಹೊಸಲು ನಾನು ತುಳಿಯಬಾರದು. ಅದಕ್ಕೇ ಬಲು ಶಾಸ್ತ್ರ ಬಲ್ಲವಳ ಹಾಗೆ ಗೇಟಿನ ಹೊರಗೇ ನಿಂತು, 'ನಮ್ ಹುಡ್ಗೀನ ಒಸಿ ಆಚೆಗೆ ಕಳ್ಸಮ್ಮ' ಎಂದು ಕೂಗಿದೆ. ಅಕ್ಕಪಕ್ಕದವರು ಇಣುಕಿದರು. ಗಂಗಲಕ್ಷ್ಮಮ್ಮ ಹೊರಗೆ ಬಂದು, 'ಯಾವ ಹುಡ್ಗಿ ಅತ್ಗೆ?' ಎಂದಳು. ನಾನು ನಕ್ಕೆ, ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡು. ಅವಳು ನಗಲಿಲ್ಲ. 'ಅವತ್ತೇ ಬಂದಿದ್ಲು. ಒಂದಿನ ಧಾರೆ ಎರೆದ್ರೆ ತವರಾಯ್ತದಾ ತಾಯಿ ಅಂದೆ. ಒಂದು ಲೋಟ ನೀರು ಕುಡುದು, ಚನ್ನಪಟ್ಟಣಕ್ಕೆ ಬಸ್ಸು ಎಲ್ಲಿ ಸಿಗ್ತದೆ ಅಂತ ಕೇಳಿ ಹೋದ್ಲು' ಎಂದಳು. ಮರಿಯಪ್ಪ ಅವಳ ಹಿಂದೆ ನಿಂತು ತನ್ನ ಕಾಲು ನೋಡಿಕೊಳ್ಳುತ್ತಿದ್ದ. ಇಪ್ಪತ್ತು ದಿನ ನನಗೆ ಒಬ್ಬಟ್ಟು ಉಣಿಸಿದ ಮನೆ ಅಲ್ಲೇ ನನ್ನ ಕಣ್ಣ ಮುಂದೆ ಇಲ್ಲವಾಯಿತು. ಸೀರೆಯ ಚೀಲ ಎತ್ತಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆದೆ.

ಅವತ್ತೇ ಚನ್ನಪಟ್ಟಣಕ್ಕೆ ಬಂದೆ. ಇದು ನಿನಗೆ ಗೊತ್ತಿಲ್ಲ. ವಿಚಾರಿಸಿಕೊಂಡು ನಿಮ್ಮ ಬೀದಿಗೆ ಬಂದಾಗ ಮಧ್ಯಾಹ್ನ ಎರಡು ಗಂಟೆ ಇರಬಹುದು. ಕಾರ್ಖಾನೆಯ ಎದುರಿಗೆ ಸೈಕಲ್ಲು ರಿಪೇರಿ ಅಂಗಡಿ ಇದೆಯಲ್ಲ, ಅದರ ನೆರಳಿನಲ್ಲಿ ನಿಂತೆ. ಬಾಗಿಲು ತೆರೆದಿತ್ತು. ನೀನು ಮಿಷನ್ನಿನ ಮುಂದೆ ಕೂತು, ತಿರುಗುವ ಮರಕ್ಕೆ ಹಳದಿ ಅರಗು ಒತ್ತಿ, ತಾಳೆಗರಿಯಿಂದ ಉಜ್ಜುತ್ತಿದ್ದೆ. ತಲೆಗೂದಲಿನ ಮೇಲೆಲ್ಲ ಮರದ ಪುಡಿ. ಕೈಯಲ್ಲಿ ಮದುವೆಯ ಬಳೆಗಳೇ, ಹೊಸದು ಒಂದೂ ಇರಲಿಲ್ಲ. ಅಕ್ಬರಿ ಬೇಗಂ ಅವರು ಒಳಗಿನಿಂದ ತಟ್ಟೆ ತಂದು ನಿನ್ನ ಪಕ್ಕದಲ್ಲಿಟ್ಟ ಮೇಲೂ ನೀನು ಏಳಲಿಲ್ಲ. ಅವರು ಮಿಷನ್ನು ನಿಲ್ಲಿಸಿ, 'ಪೈಲೆ ಊಟ ಮಾಡು ಬೇಟಿ, ಆಮೇಲೆ ಬಣ್ಣ. ಅದು ಎಲ್ಲಿ ಓಡೋಗ್ತದೆ' ಎಂದು ಗದರಿದರು. ಆಮೇಲೆ ತಮ್ಮ ಸೆರಗಿನಿಂದ ನಿನ್ನ ತಲೆಯ ಮೇಲಿನ ಪುಡಿ ಒರೆಸಿದರು. ನಾನು ನಿಂತಿದ್ದ ಜಾಗದಿಂದ ಅಲ್ಲಿಗೆ ಹತ್ತು ಹೆಜ್ಜೆ. ಗಾಡಿಗಳೂ ಹೆಚ್ಚಿರಲಿಲ್ಲ. ದಾಟಲಾಗಲಿಲ್ಲ ನನಗೆ. ಏನೆಂದು ಒಳಗೆ ಬರಲಿ? ಛತ್ರದಲ್ಲಿ ಆ ತಾಯಿಗೆ ಮುಂದಿನ ಸಾಲಿನ ಕುರ್ಚಿ ಕೊಡದವಳು ಅವರ ಮನೆಯ ಬಾಗಿಲಲ್ಲಿ ಯಾವ ಮುಖ ಇಟ್ಟುಕೊಂಡು ನಿಲ್ಲಲಿ? ನೀನು ಊಟ ಮಾಡಿ ಮುಗಿಸುವವರೆಗೆ ನೋಡಿ, ಹೂವಿನ ಪೊಟ್ಟಣವನ್ನು ಅಲ್ಲೇ ಒಂದು ಕಲ್ಲಿನ ಮೇಲೆ ಇಟ್ಟು ಹಿಂತಿರುಗಿದೆ.

ಮನೆಗೆ ಬಂದಾಗ ನರೇಂದ್ರ ಗೇಟಿನಲ್ಲೇ ಕಾಯುತ್ತಿದ್ದ. 'ಹೆಂಗವ್ಳೆ ಅವ್ವ? ಸಣ್ಣಗಾಗವ್ಳಾ? ನನ್ನ ಕೇಳಿದ್ಲಾ?' ಎಂದು ಒಂದೇ ಉಸಿರಿಗೆ ಕೇಳಿದ. ಚೆನ್ನಾಗಿದ್ದಾಳೆ, ಮಾವನ ಮನೆಯ ಊಟಕ್ಕೆ ದುಂಡಗಾಗಿದ್ದಾಳೆ ಎಂದೆ. ಅವನು ನಂಬಿದ. ಸಾಯಂಕಾಲ ನಿನ್ನ ಫೋನು ಬಂದಾಗ ನೀನು ನನಗೆ ಸುಳ್ಳು ಹೇಳಿದೆ, ನಾನು ನಿನ್ನ ಸುಳ್ಳಿಗೆ ಹೂಂಗುಟ್ಟಿದೆ. ನಾಲ್ಕು ದಿನದಿಂದ ಇದೇ ನಡೆದಿದೆ. ನಿನ್ನೆ ಕೊನೆಯ ಆಷಾಢ ಶುಕ್ರವಾರ, ಅತ್ತೆಮ್ಮ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿದ್ದರು ಎಂದು ನೀನು ಹೇಳಿದಾಗ, ಪ್ರಸಾದ ಏನು ಕೊಟ್ಟರು ಎಂದು ಕೇಳಿದೆ.

ಬರುವ ಶುಕ್ರವಾರ ಶ್ರಾವಣ ಹುಟ್ಟುತ್ತದೆ. ಅವತ್ತು ಬೆಳಿಗ್ಗೆಯೇ ನಾನು ಚನ್ನಪಟ್ಟಣಕ್ಕೆ ಬರುತ್ತೇನೆ, ಈ ಸಲ ಖಂಡಿತ ರಸ್ತೆ ದಾಟುತ್ತೇನೆ. ಅಕ್ಬರಿ ಬೇಗಂ ಅವರ ಕಾಲಿಗೆ ಬೀಳುತ್ತೇನೆ. ನಿನ್ನನ್ನು ಕರೆದುಕೊಂಡು ಬರುತ್ತೇನೆ. ಒಂದೇ ಒಂದು ಬೇಡಿಕೆ ಇದೆ, ಕೇಳಲು ನಾಲಿಗೆ ಹೊರಳದಿದ್ದರೂ ಕೇಳುತ್ತೇನೆ. ನರೇಂದ್ರನಿಗೆ ಇದು ತಿಳಿಯುವುದು ಬೇಡ. ಕನಕಪುರದಿಂದಲೇ ಬಂದೆವು ಎನ್ನೋಣ. ಅವನು ಸಿಟ್ಟು ಮಾಡುವವನಲ್ಲ, ನಿನಗೆ ಗೊತ್ತು. ಸುಮ್ಮನಾಗಿಬಿಡುತ್ತಾನೆ, ಅದನ್ನು ನಾನು ತಡೆಯಲಾರೆ. ಇರುವವನು ಅವನೊಬ್ಬ ನನಗೆ.

ಅಕ್ಬರಿ ಬೇಗಂ ಅವರಿಗೆ ನನ್ನ ನಮಸ್ಕಾರ ಹೇಳು, ಮುನವ್ವರಾಳನ್ನು ಕೇಳಿದೆ ಎನ್ನು. ನೀನು ನೂರು ಕಾಲ ಮುತ್ತೈದೆಯಾಗಿ ಬಾಳು, ನಿನ್ನ ಮಡಿಲು ತುಂಬಲಿ, ನಿನ್ನ ಹೊಟ್ಟೆಯಲ್ಲಿ ಹುಟ್ಟುವವರಿಗೆ ನನ್ನಂಥ ಅತ್ತೆ ಸಿಗದಿರಲಿ.

ಇಂತಿ ನಿನ್ನ ಅತ್ತೆ,
ಸರಸಮ್ಮ

ಮರೆತ ಮಾತು: ಮರೆತದ್ದಲ್ಲ, ಬಿಟ್ಟದ್ದು. ಅಂಟಿಸಿದ್ದ ಲಕೋಟೆ ಬಿಡಿಸಿ ಬರೆಯುತ್ತಿದ್ದೇನೆ. ಮುನಿಶಾಮಯ್ಯ ಚನ್ನಪಟ್ಟಣಕ್ಕೆ ಮರ ಹೇರಿಕೊಂಡು ಹೊರಟಿದ್ದಾನೆ, ಕಾಗದ ಅವನ ಕೈಯಲ್ಲೇ ಕಳಿಸಬೇಕು, ಹಾರನ್ನು ಹೊಡೆಯುತ್ತಿದ್ದಾನೆ. ಕನಸಿನಲ್ಲಿಯೂ ಎಣಿಸಿರಲಿಲ್ಲ ಎಂದು ಮೇಲೆ ಬರೆದಿದ್ದೇನಲ್ಲ, ಅದು ಸುಳ್ಳು. ನೀನು ಹೊರಡುವ ಹಿಂದಿನ ದಿನ ಗಂಗಲಕ್ಷ್ಮಮ್ಮ ಫೋನು ಮಾಡಿದ್ದಳು. 'ಅತ್ಗೆ, ಆ ಹುಡ್ಗೀನ ನಮ್ಮನೆಗೆ ಕಳುಸ್ಬ್ಯಾಡಿ. ಕಳುಸಿದ್ರೆ ನಾನು ಒಳಿಕ್ಕೆ ಕರಿಯಕ್ಕಿಲ್ಲ, ಆಮೇಲೆ ನನ್ನ ಬೈಬ್ಯಾಡಿ' ಎಂದಿದ್ದಳು. ಇದೇ ಕಿವಿಯಲ್ಲಿ ಕೇಳಿಸಿಕೊಂಡು, ಇದೇ ಕೈಯಲ್ಲಿ ನಿನ್ನ ಚೀಲಕ್ಕೆ ಬಟ್ಟೆ ತುಂಬಿದೆ. ಮರಿಯಪ್ಪ ಕಾರು ತರುತ್ತೇನೆ ಎಂದೂ ಅಂದಿರಲಿಲ್ಲ, ನರೇಂದ್ರ ಬಿಡಲು ಬಾರದಿರಲಿ ಎಂದು ನಾನೇ ಹುಟ್ಟಿಸಿದ ಮಾತು. ಮುಚ್ಚಿದ ಬಾಗಿಲಿಗೇ ನಿನ್ನನ್ನು ಗೊತ್ತಿದ್ದೂ ಕಳಿಸಿದೆ. ಹೋಗಿ ನಿಂತು, ನಿನಗೆ ಯಾರೂ ಇಲ್ಲವೆಂಬುದನ್ನು ನೀನೇ ನೋಡಿಕೊಂಡು ಬಂದರೆ, ಈ ಮನೆಯಲ್ಲಿ ತಲೆ ತಗ್ಗಿಸಿ ಇರುತ್ತೀಯ ಎಂದುಕೊಂಡೆ. ನೀನು ಅಳುತ್ತಾ ವಾಪಸು ಬರುತ್ತೀಯ ಎಂದು ಕಾದಿದ್ದೆ, ಒಬ್ಬಟ್ಟಿನ ಸುದ್ದಿ ಬರುತ್ತದೆ ಎಂದಲ್ಲ.

ನಿನ್ನನ್ನು ಸುಳ್ಳು ಹೇಳು ಎಂದು ಕೇಳಿದೆನಲ್ಲ, ಅದನ್ನೂ ಹೊಡೆದುಹಾಕು. ನನಗಾಗಿ ಇನ್ನು ಒಂದು ಸುಳ್ಳೂ ಹೇಳಬೇಡಮ್ಮ. ನರೇಂದ್ರ ಸೊಪ್ಪು ಹೊತ್ತುಕೊಂಡು ತೋಟದಿಂದ ಬರುತ್ತಿದ್ದಾನೆ, ಇಲ್ಲಿಂದಲೇ ಕಾಣುತ್ತಾನೆ. ಹೊರೆ ಇಳಿಸಿ ನೀರು ಕುಡಿಯಲಿ, ಹೇಳಿಬಿಡುತ್ತೇನೆ. ಶುಕ್ರವಾರ ಅವನು ನನ್ನನ್ನು ಬಿಟ್ಟು ಒಬ್ಬನೇ ಬಂದರೆ, ನಾನು ಎಲ್ಲವನ್ನೂ ಹೇಳಿದ್ದೇನೆ ಎಂದು ತಿಳಿ.